ಮನೆಯ ಜೇಡ ಯಾವುದು ಅಂತ ಗುರುತು ಹಿಡಿಯುವುದು ಹೇಗೆ?

ಜೇಡ ಕಂಡ ಕೂಡಲೇ ಹೆಚ್ಚಿನ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಇದು ವಿಷದ್ದಾ?" ಉತ್ತರ ಗೊತ್ತಿಲ್ಲದಿದ್ದರೆ ಪೊರಕೆಯೋ ಸ್ಪ್ರೇ ಡಬ್ಬಿಯೋ ಕೈಗೆ ಬರುತ್ತದೆ. ಹೀಗೆ ಸಾಯುವ ಜೇಡಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ನಮಗೆ ಏನೂ ಮಾಡದಂಥವು.

ವಿಷದ ಮಾತು ಮೊದಲು ಮುಗಿಸಿಬಿಡೋಣ. ಬಹುಪಾಲು ಜೇಡಗಳಲ್ಲಿ ವಿಷ ಇದ್ದೇ ಇದೆ. ನೊಣ, ಸೊಳ್ಳೆ, ಜಿರಳೆಯನ್ನು ಅಲ್ಲಾಡದಂತೆ ಮಾಡಲು ಅವಕ್ಕೆ ಅದು ಬೇಕು. ಆದರೆ ಮನೆಯಲ್ಲಿರುವ ಸಣ್ಣ ಜೇಡಗಳು ಮನುಷ್ಯರನ್ನು ಕಚ್ಚುವುದೇ ಅಪರೂಪ. ದೊಡ್ಡವು ಕೂಡ ಸಾಮಾನ್ಯವಾಗಿ ಬೆರಳಿನಡಿ ಸಿಕ್ಕಿ ಒತ್ತಿಹೋದರೆ ಮಾತ್ರ ಕಚ್ಚುತ್ತವೆ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ "ಇದು ಯಾವ ಜೇಡ?" ಅನ್ನುವುದು.

ಜಗತ್ತಿನಲ್ಲಿ ಹೆಸರಿಟ್ಟ ಜೇಡಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಭಾರತದ ಲೆಕ್ಕ 1,800ಕ್ಕೂ ಜಾಸ್ತಿ. ಇದನ್ನು ಕೇಳಿ ಗಾಬರಿಯಾಗಬೇಡಿ. ಕರ್ನಾಟಕದ ಒಂದು ಸಾಧಾರಣ ಮನೆಯೊಳಗೆ ಮತ್ತೆ ಮತ್ತೆ ಕಾಣುವುದು ಆರೇಳು ಬಗೆ ಮಾತ್ರ. ಒಂದು ಮಳೆಗಾಲ ಗಮನ ಇಟ್ಟು ನೋಡಿದರೆ ಸಾಕು, ಇವೆಲ್ಲ ಪರಿಚಯವಾಗಿಬಿಡುತ್ತವೆ.

ಒಂದು ಮಾತು ನೆನಪಿಡಿ. ಬಣ್ಣವನ್ನು ನಂಬಬೇಡಿ. ಒಂದೇ ಜಾತಿಯಲ್ಲಿ ಗಂಡು ಒಂದು ಬಣ್ಣ, ಹೆಣ್ಣು ಒಂದು ಬಣ್ಣ, ಮರಿ ಇನ್ನೊಂದು ಬಣ್ಣ ಇರುತ್ತದೆ. ಎಲ್ಲಿ ಕೂತಿದೆ, ಬಲೆ ಕಟ್ಟಿದೆಯಾ, ಮುಟ್ಟಲು ಹೋದರೆ ಏನು ಮಾಡುತ್ತದೆ, ಮೊಟ್ಟೆಯನ್ನು ಹೇಗೆ ಇಟ್ಟುಕೊಂಡಿದೆ ಅನ್ನುವುದನ್ನು ನೋಡಿ. ಈ ನಾಲ್ಕು ಗೊತ್ತಾದರೆ ಹೆಸರು ತಾನಾಗಿ ಸಿಗುತ್ತದೆ.

ಅದು ಜೇಡವೇ ಹೌದಾ?

ಕಾಲು ಎಣಿಸಿ. ಎಂಟಿರಬೇಕು. ಆಮೇಲೆ ಮೈ ನೋಡಿ. ಜೇಡದ ಮೈ ಎರಡು ಭಾಗ. ತಲೆ ಮತ್ತು ಎದೆ ಸೇರಿ ಮುಂದಿನ ಭಾಗ, ಕಾಲುಗಳೆಲ್ಲ ಅದಕ್ಕೇ ಸೇರಿಕೊಂಡಿರುತ್ತವೆ. ಹಿಂದಿನದು ಹೊಟ್ಟೆ. ಎರಡರ ನಡುವೆ ತೆಳ್ಳನೆಯ ಸೊಂಟ. ಮುಖದ ಹತ್ತಿರ ಇನ್ನೊಂದು ಜೊತೆ ಗಿಡ್ಡ ಕಾಲಿನಂಥ ಅಂಗ ಇರುತ್ತದೆ. ಅದರ ತುದಿ ಗುಂಡಗೆ ಉಬ್ಬಿದ್ದರೆ ಅದು ಬೆಳೆದ ಗಂಡು.

ಮಲೆನಾಡಿನ ಕಡೆ ತಂಪಾದ ಗೋಡೆಗಳ ಮೇಲೆ, ಕಲ್ಲಿನ ಸಂದಿಗಳಲ್ಲಿ ಕೂದಲಿನಷ್ಟು ಸಣ್ಣ ಕಾಲಿನ ಪ್ರಾಣಿಗಳು ಗುಂಪುಗುಂಪಾಗಿ ಕೂತಿರುತ್ತವೆ. ಅವುಗಳ ಮೈ ಒಂದೇ ಉಂಡೆ, ಸೊಂಟವೇ ಇಲ್ಲ. ಅವು ಜೇಡದ ದೂರದ ನೆಂಟರು. ಬಲೆ ಕಟ್ಟುವುದಿಲ್ಲ, ವಿಷವೂ ಇಲ್ಲ. ಉತ್ತರ ಕರ್ನಾಟಕದ ಒಣ ಸೀಮೆಯಲ್ಲಿ ರಾತ್ರಿ ದೀಪದ ಹತ್ತಿರ ಬಿರುಸಾಗಿ ಓಡುವ, ಹತ್ತು ಕಾಲಿದ್ದಂತೆ ಕಾಣುವ ಒಂದು ಪ್ರಾಣಿ ಇದೆ. ಇಂಗ್ಲಿಷಿನಲ್ಲಿ ಕ್ಯಾಮಲ್ ಸ್ಪೈಡರ್ ಅಂತ ಕರೆದರೂ ಅದು ಕೂಡ ಜೇಡ ಅಲ್ಲ.

ಇನ್ನೊಂದು ಗೊಂದಲ ಬಹಳ ಮನೆಗಳಲ್ಲಿದೆ. ಗೋಡೆಯ ಮೇಲೆ ಕುಂಬಳಬೀಜದಂಥ ಬೂದು ಬಣ್ಣದ ಚಪ್ಪಟೆ ಚೀಲವೊಂದು ಅಂಟಿಕೊಂಡಿರುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಅದು ನಿಧಾನಕ್ಕೆ ತೆವಳುತ್ತದೆ. ಜೇಡದ ಮೊಟ್ಟೆ ಅಂದುಕೊಂಡು ಅದನ್ನು ಸುಡುವವರೂ ಇದ್ದಾರೆ. ಅದು ಒಂದು ಪತಂಗದ ಮರಿಹುಳು. ಧೂಳು, ಮರಳಿನ ಕಣ ಸೇರಿಸಿ ಚೀಲ ಹೊಲಿದುಕೊಂಡು ಅದರೊಳಗೇ ಬದುಕುತ್ತದೆ. ಅದರ ಆಹಾರದಲ್ಲಿ ಜೇಡ ಬಿಟ್ಟುಹೋದ ಹಳೆಯ ಬಲೆಯೂ ಒಂದು!

ಸೂರಿನ ಮೂಲೆಯಲ್ಲಿ: ಉದ್ದ ಕಾಲಿನ ಜೇಡ

ಮೂಲೆಯಲ್ಲಿ ಕ್ರಮವಿಲ್ಲದ ಸಡಿಲ ಬಲೆ, ಅದರಲ್ಲಿ ತಲೆಕೆಳಗಾಗಿ ನೇತಾಡುವ ಬಡಕಲು ಜೇಡ. ಕಾಲುಗಳು ಮೈಗಿಂತ ಎಷ್ಟೋ ಪಟ್ಟು ಉದ್ದ. ಮಾಡಬೇಕಾದ ಪರೀಕ್ಷೆ ಸುಲಭ: ಬಲೆಗೆ ಮೆಲ್ಲಗೆ ಉಫ್ ಅಂತ ಊದಿ, ಇಲ್ಲವೇ ಕಡ್ಡಿ ತಾಗಿಸಿ. ಜೇಡ ಕೂತಲ್ಲೇ ಗಿರಗಿರ ಅಲ್ಲಾಡಲು ಶುರು ಮಾಡುತ್ತದೆ. ಎಷ್ಟು ಜೋರೆಂದರೆ ಅದರ ಆಕಾರವೇ ಕಾಣುವುದಿಲ್ಲ. ಶತ್ರುವಿನ ಗುರಿ ತಪ್ಪಿಸಲು ಅದು ಹೂಡುವ ಉಪಾಯ. ಹೀಗೆ ಅಲ್ಲಾಡಿದರೆ ಅದು ಫೋಲ್ಸಿಡೇ ಕುಟುಂಬದ ಜೇಡ ಅಂತ ಧೈರ್ಯವಾಗಿ ಹೇಳಬಹುದು.

ಇದರಲ್ಲೂ ಒಳಬಗೆಗಳಿವೆ. ಹೊಟ್ಟೆ ಪೆಟ್ಟಿಗೆಯ ಹಾಗಿದ್ದು ಹಿಂದಿನ ತುದಿ ಮೇಲಕ್ಕೆ ಮೊನೆಯಾಗಿದ್ದರೆ, ಮೊಣಕಾಲುಗಳ ಹತ್ತಿರ ಕಪ್ಪು ಬಿಳಿ ಪಟ್ಟೆ ಇದ್ದರೆ ಅದು ಕ್ರಾಸೊಪ್ರೈಜಾ ಲಯೋನಿ. ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವುದು ಇದೇ. ಹೊಟ್ಟೆ ನುಣುಪಾಗಿ ಉದ್ದಕ್ಕಿದ್ದರೆ ಫೋಲ್ಕಸ್ ಜಾತಿಯದ್ದು. ಹಳೆಯ ಮನೆಗಳ ಉಗ್ರಾಣ, ಗೋದಾಮುಗಳಲ್ಲಿ ದುಂಡು ಹೊಟ್ಟೆಯ, ಇನ್ನೂ ದೊಡ್ಡ ಗಾತ್ರದ ಆರ್ಟೆಮಾ ಸಿಗುತ್ತದೆ.

ಇದರ ಬಗ್ಗೆ ವಾಟ್ಸಾಪಿನಲ್ಲಿ ಒಂದು ಸುದ್ದಿ ಓಡಾಡುತ್ತಲೇ ಇರುತ್ತದೆ: "ಜಗತ್ತಿನಲ್ಲೇ ಅತಿ ವಿಷದ ಜೇಡ ಇದು, ಹಲ್ಲು ಗಿಡ್ಡ ಆದ್ದರಿಂದ ನಾವು ಬಚಾವು" ಅಂತ. ಇದಕ್ಕೆ ಆಧಾರವೇ ಇಲ್ಲ. ಇದು ಸೊಳ್ಳೆ, ನೊಣ ಹಿಡಿದು ತಿನ್ನುವ ಜೇಡ. ಬೇರೆ ಜೇಡಗಳನ್ನೂ ಬಿಡುವುದಿಲ್ಲ. ಡೆಂಗ್ಯೂ ಕಾಲದಲ್ಲಿ ಉಗ್ರಾಣದ ಮೂಲೆಯಲ್ಲಿ, ಮಂಚದ ಹಿಂದೆ ಇಂಥವು ನಾಲ್ಕು ಇದ್ದರೆ ನಾನಂತೂ ಮುಟ್ಟುವುದಿಲ್ಲ.

ಯುಗಾದಿ, ದೀಪಾವಳಿಗೆ ಮನೆ ಧೂಳು ಹೊಡೆಯುವಾಗ ಏನು ಮಾಡಬೇಕು ಅಂತ ಕೇಳಬಹುದು. ಮಸಿ, ಧೂಳು ಹಿಡಿದು ಜೋತುಬಿದ್ದ ಇಲ್ಲಣವನ್ನು ಖಂಡಿತ ತೆಗೆಯಿರಿ. ಅದು ಜೇಡ ಬಿಟ್ಟುಹೋದ ಬಲೆ. ಕಡ್ಡಿ ತಾಗಿಸಿದಾಗ ಯಾರೂ ಅಲ್ಲಾಡದಿದ್ದರೆ ಮನೆ ಖಾಲಿ ಅಂತಲೇ ಅರ್ಥ.

ಗೋಡೆಗೆ ಅಂಟಿದ ಪುಟ್ಟ ಬಿಳಿ ತೇಪೆ

ಸುಣ್ಣ ಬಳಿದ ಗೋಡೆಯಲ್ಲಿ, ಕಿಟಕಿ ಚೌಕಟ್ಟಿನ ಸಂದಿಯಲ್ಲಿ, ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಎರಡು ಮೂರು ಸೆಂ.ಮೀ. ಅಗಲದ ಬಿಳಿ ನೂಲಿನ ತೇಪೆ ಕಂಡಿದ್ದೀರಾ? ಸುತ್ತ ಇರುವೆಯ ಒಣಗಿದ ಚಿಪ್ಪುಗಳು ಬಿದ್ದಿರುತ್ತವೆ. ಅದು ಈಕೋಬಿಯಸ್ ಅನ್ನುವ ಗೋಡೆ ಜೇಡದ ಮನೆ. ಜೇಡ ಬರೀ 2ರಿಂದ 3 ಮಿ.ಮೀ., ತಿಳಿ ಬಣ್ಣ, ಮೇಲೆ ಕಪ್ಪು ಚುಕ್ಕಿ. ತೇಪೆಯನ್ನು ಕೆದಕಿದರೆ ಸರ್ರನೆ ಓಡಿ ಇನ್ನೊಂದು ಬಿರುಕಿಗೆ ನುಗ್ಗುತ್ತದೆ.

ಇದರ ಬೇಟೆ ನೋಡಲು ಭೂತಗನ್ನಡಿ ಬೇಕು, ಆದರೆ ನೋಡಲೇಬೇಕು. ಇರುವೆಯನ್ನು ನೇರವಾಗಿ ಹಿಡಿಯಲು ಹೋಗುವುದಿಲ್ಲ. ಅದರ ಸುತ್ತ ಗಿರಕಿ ಹೊಡೆಯುತ್ತಾ ನೂಲು ಸುತ್ತಿ ಗೋಡೆಗೆ ಕಟ್ಟಿಹಾಕುತ್ತದೆ. ಆಮೇಲೆ ಕಚ್ಚುತ್ತದೆ.

ಇದೇ ರೀತಿ ಸುತ್ತುವ ಇನ್ನೊಂದು ಜೇಡ ಹೊರಗಿದೆ. ತೆಂಗಿನ ಮರ, ಮಾವಿನ ಮರದ ಕಾಂಡದ ಮೇಲೆ ತಲೆ ಕೆಳಗೆ ಮಾಡಿ ಚಪ್ಪಟೆಯಾಗಿ ಮಲಗಿರುತ್ತದೆ. ತೊಗಟೆಯ ಬಣ್ಣವೇ ಅದರ ಬಣ್ಣ. ಹಿಂದೆ ಎರಡು ಉದ್ದ ಬಾಲ ಇದ್ದರೆ ಅದು ಹರ್ಸಿಲಿಯಾ. ಆ ಬಾಲಗಳೇ ನೂಲು ತೆಗೆಯುವ ಅಂಗ. ಕಾಂಪೌಂಡ್ ಗೋಡೆಯ ಮೇಲೂ ಒಮ್ಮೊಮ್ಮೆ ಕಾಣುತ್ತದೆ.

ಬಲೆ ಇಲ್ಲದ ದೊಡ್ಡ ಜೇಡ

ರಾತ್ರಿ ಬಚ್ಚಲುಮನೆಯ ದೀಪ ಹಾಕಿದಾಗ ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಜೇಡ ಕಂಡು ಕಿರುಚದವರು ಕಡಿಮೆ. ಜೇಡದ ಬಗ್ಗೆ ಇರುವ ಹೆದರಿಕೆಯಲ್ಲಿ ಅರ್ಧ ಇದೊಂದರಿಂದಲೇ ಬಂದದ್ದು ಅನಿಸುತ್ತದೆ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಇದರ ಹೆಸರು ಹೆಟೆರೊಪೋಡಾ ವೆನಟೋರಿಯಾ. ಬೇಟೆಗಾರ ಜೇಡ ಅಂತ ಕರೆಯಬಹುದು. ಮೈ 2ರಿಂದ 3 ಸೆಂ.ಮೀ. ಕಾಲು ಚಾಚಿದರೆ 10 ಸೆಂ.ಮೀ. ದಾಟುವುದೂ ಉಂಟು. ಮೈ ಚಪ್ಪಟೆ. ಕಾಲುಗಳು ಏಡಿಯ ಕಾಲಿನ ಹಾಗೆ ಪಕ್ಕಕ್ಕೆ ತಿರುಗಿರುತ್ತವೆ, ಓಡುವಾಗಲೂ ಅಡ್ಡಡ್ಡ ಓಡುತ್ತದೆ. ಮುಖದಲ್ಲಿ ಕಣ್ಣುಗಳ ಕೆಳಗೆ ಕೆನೆ ಬಣ್ಣದ ಅಡ್ಡಪಟ್ಟಿ ಇದೆ. ಇದೇ ಖಾತ್ರಿಯ ಗುರುತು. ಮೊಬೈಲಿನಲ್ಲಿ ದೂರದಿಂದ ಜೂಮ್ ಮಾಡಿದರೂ ಪಟ್ಟಿ ಕಾಣುತ್ತದೆ. ಗಂಡಿನ ಹೊಟ್ಟೆ ಸಣ್ಣ, ಕಾಲು ಇನ್ನೂ ಉದ್ದ. ಹೆಣ್ಣಿನ ಹೊಟ್ಟೆ ದಪ್ಪ.

ಇದು ಬಲೆ ಕಟ್ಟುವುದಿಲ್ಲ. ಹಗಲು ಬಾಗಿಲಿನ ಹಿಂದೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆ, ಕಪಾಟಿನ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಜಿರಳೆ ಹುಡುಕಿಕೊಂಡು ಹೊರಡುತ್ತದೆ. ಇದು ಪದೇ ಪದೇ ಕಾಣುತ್ತಿದೆ ಅಂದರೆ ಮನೆಯಲ್ಲಿ ಜಿರಳೆ ಇದೆ ಅಂತ ತಿಳಿಯಿರಿ. ಜೇಡ ಓಡಿಸುವ ಬದಲು ಸಿಂಕಿನ ಕೆಳಗೆ, ಗ್ಯಾಸ್ ಕಟ್ಟೆಯ ಹಿಂದೆ ನೋಡುವುದು ಒಳ್ಳೆಯದು. ಜಿರಳೆಗೆ ಹೊಡೆಯುವ ಸ್ಪ್ರೇ ಇದನ್ನೂ ಕೊಲ್ಲುತ್ತದೆ. ಆಮೇಲೆ ಉಳಿದ ಜಿರಳೆಗಳನ್ನು ಹಿಡಿಯುವವರು ಯಾರೂ ಇರುವುದಿಲ್ಲ.

ಹೆಣ್ಣು ಜೇಡದ ಎದೆಯ ಕೆಳಗೆ ನಾಣ್ಯದಂತೆ ಚಪ್ಪಟೆಯಾದ ಬಿಳಿ ಬಿಲ್ಲೆ ಕಂಡರೆ ಅದು ಮೊಟ್ಟೆಚೀಲ. ನೂರಕ್ಕೂ ಹೆಚ್ಚು ಮೊಟ್ಟೆ ಅದರೊಳಗಿರುತ್ತವೆ. ಇಂಥ ಹೊತ್ತಿನಲ್ಲಿ ಕೆಣಕಬೇಡಿ. ಮರಿಗಳು ಹೊರಬಂದು ಚೆದುರಿಹೋಗುತ್ತವೆ, ಎಲ್ಲವೂ ಮನೆಯಲ್ಲೇ ದೊಡ್ಡದಾಗುತ್ತವೆ ಅನ್ನುವ ಭಯ ಬೇಡ. ಬಹುಪಾಲು ಮರಿಗಳನ್ನು ಹಲ್ಲಿ, ಇರುವೆ, ಬೇರೆ ಜೇಡಗಳು ತಿಂದುಹಾಕುತ್ತವೆ.

ಮೂಲೆಯಲ್ಲಿ ಸತ್ತುಬಿದ್ದ ಜೇಡದಂಥದ್ದು ಸಿಕ್ಕರೆ ಎತ್ತಿ ನೋಡಿ. ಗಾಳಿಗೆ ಹಾರುವಷ್ಟು ಹಗುರ, ಒಳಗೆ ಟೊಳ್ಳು, ಬೆನ್ನಿನ ಮುಚ್ಚಳ ತೆರೆದಂತೆ ಎದ್ದುಕೊಂಡಿದ್ದರೆ ಅದು ಸತ್ತ ಜೇಡ ಅಲ್ಲ, ಕಳಚಿದ ಪೊರೆ. ಜೇಡ ಹಾವಿನಂತೆ ಪೊರೆ ಬಿಟ್ಟು ಬೆಳೆಯುತ್ತದೆ. ಪೊರೆಯ ಮಾಲೀಕ ಸ್ವಲ್ಪ ದೊಡ್ಡದಾಗಿ ಅಲ್ಲೇ ಎಲ್ಲೋ ಇದೆ!

ತಿರುಗಿ ನಿಮ್ಮನ್ನೇ ನೋಡುವ ಜೇಡ

ಹಗಲು ಹೊತ್ತು ಕಿಟಕಿಯ ಬಳಿ, ಟೇಬಲ್ಲಿನ ಮೇಲೆ, ಹೂಕುಂಡದಲ್ಲಿ ಒಂದು ಸೆಂ.ಮೀ.ಗಿಂತ ಚಿಕ್ಕ ಜೇಡ ಓಡಾಡುತ್ತಾ ಥಟ್ಟನೆ ನಿಂತು ನಿಮ್ಮ ಕಡೆ ಮುಖ ತಿರುಗಿಸಿದರೆ ಅದು ಜಿಗಿಯುವ ಜೇಡ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು. ಬೆರಳು ಆಡಿಸಿದರೆ ಅದು ಬೆರಳನ್ನೇ ಹಿಂಬಾಲಿಸಿ ನೋಡುತ್ತದೆ. ಜೇಡಗಳಲ್ಲೇ ಅತಿ ದೊಡ್ಡ ಕುಟುಂಬ ಇದು, 6,000ಕ್ಕೂ ಹೆಚ್ಚು ಜಾತಿಗಳಿವೆ. ಜಿಗಿಯುವ ಮುಂಚೆ ಒಂದು ಎಳೆ ನೂಲನ್ನು ಕೆಳಗೆ ಅಂಟಿಸಿಕೊಳ್ಳುತ್ತದೆ. ಗುರಿ ತಪ್ಪಿದರೂ ಬೀಳುವುದಿಲ್ಲ.

ಮನೆಗಳಲ್ಲಿ ಮೂರನ್ನು ಗುರುತಿಟ್ಟುಕೊಳ್ಳಿ. ಪ್ಲೆಕ್ಸಿಪ್ಪಸ್ ಪೈಕುಲಿ: ಗಂಡು ಕಪ್ಪು, ಬೆನ್ನಿನ ನಡುವೆ ಮತ್ತು ಎರಡೂ ಬದಿಗೆ ಬಿಳಿ ಪಟ್ಟೆ. ಹೆಣ್ಣು ಕಂದು-ಬೂದು. ಮೆನೆಮೆರಸ್: ಚಪ್ಪಟೆ ಮೈ, ಬೂದು ಕೂದಲು, ಬಿಸಿಲು ಬಿದ್ದ ಹೊರಗೋಡೆಯಲ್ಲಿ ನೊಣಗಳ ಹಿಂದೆ ಬಿದ್ದಿರುತ್ತದೆ. ಹಸಾರಿಯಸ್ ಆಡನ್ಸೋನಿ: ಚಿಕ್ಕದು, ಗಂಡಿನ ಕಪ್ಪು ಹೊಟ್ಟೆಯ ಮುಂಭಾಗದಲ್ಲಿ ಬಿಳಿಯ ಬಿಲ್ಲಿನಂಥ ಗೆರೆ, ಮುಖದ ಮುಂದಿನ ಗಿಡ್ಡ ಅಂಗಗಳೂ ಬಿಳಿ. ಕುಂಡದ ಗಿಡ ಇಷ್ಟ.

ಜಾರುವ ಕಿಟಕಿಯ ಹಳಿಯ ಸಂದಿಯಲ್ಲಿ, ಫೋಟೊ ಚೌಕಟ್ಟಿನ ಹಿಂದೆ ದಪ್ಪಗಿನ ಬಿಳಿ ರೇಷ್ಮೆಯ ಚೀಲ ಇದ್ದರೆ ಅದು ಇವುಗಳ ಮಲಗುವ ಜಾಗ. ಮೊಟ್ಟೆಯನ್ನೂ ಅಲ್ಲೇ ಇಡುತ್ತವೆ.

ಮಕ್ಕಳಿಗೆ ಜೇಡದ ಹೆದರಿಕೆ ಬಿಡಿಸಬೇಕು ಅಂದರೆ ಇದರಿಂದಲೇ ಶುರು ಮಾಡಿ. ಮುಖ ನೋಡಿದರೆ ಸಾಕು, ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಕೆಂಪು ಚಗಳಿ ಇರುವೆ ಇರುವ ಮಾವು, ಪೇರಲ ಮರದ ಹತ್ತಿರ ಇನ್ನೊಂದು ಜಿಗಿಯುವ ಜೇಡ ಇದೆ. ನೋಡಲು ಥೇಟ್ ಚಗಳಿಯೇ. ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಆಡಿಸುತ್ತದೆ. ಕಾಲು ಎಣಿಸಿದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಗಂಡಿನ ದವಡೆ ಬಹಳ ಉದ್ದ, ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ.

ನೆಲದ ಹತ್ತಿರದ ಸಿಕ್ಕುಬಲೆ

ಸಿಂಕಿನ ಕೆಳಗೆ, ವಾಷಿಂಗ್ ಮಷಿನ್ ಹಿಂದೆ, ಕಪಾಟಿನ ಕಾಲಿನ ಬುಡದಲ್ಲಿ ಸಿಕ್ಕುಸಿಕ್ಕಾದ ಬಲೆ. ಅದರಿಂದ ನೆಲಕ್ಕೆ ಬಿಗಿಯಾಗಿ ಎಳೆದ ಒಂದೆರಡು ಅಂಟು ನೂಲು. ಕೆಳಗೆ ನೆಲದಲ್ಲಿ ಇರುವೆ, ನೊಣಗಳ ಕಳೇಬರ. ನಡುವೆ ಗುಂಡು ಹೊಟ್ಟೆಯ ಚಿಕ್ಕ ಜೇಡ. ಇವು ಥೆರಿಡಿಡೇ ಕುಟುಂಬದವು. ಮೈ, ಕಾಲು ಕೆಂಪು ಛಾಯೆಯಲ್ಲಿದ್ದು 3ರಿಂದ 5 ಮಿ.ಮೀ. ಇದ್ದರೆ ನೆಸ್ಟಿಕೋಡಿಸ್ ರೂಫಿಪಿಸ್. ಹೊಟ್ಟೆ ಬೂದು-ಕಂದು ಕಲೆಗಳಿಂದ ಕೂಡಿದ್ದು, ಪಕ್ಕದಲ್ಲಿ ಕಾಗದದಂಥ ಕಂದು ಮೊಟ್ಟೆಚೀಲ ತೂಗುತ್ತಿದ್ದರೆ ಪ್ಯಾರಸ್ಟಿಯಟೋಡಾ. ಎರಡೂ ನಿರುಪದ್ರವಿ.

ಇದೇ ಕುಟುಂಬದಲ್ಲಿ ಹುಷಾರಾಗಿರಬೇಕಾದ ಒಂದು ಜೇಡವೂ ಇದೆ. ಅದರ ಮಾತು ಮುಂದೆ ಬರುತ್ತದೆ.

ನಿಧಾನಕ್ಕೆ ನಡೆಯುವ, ಉಗುಳುವ ಜೇಡ

ಇದು ಕಾಣುವುದು ಕಡಿಮೆ, ಯಾಕೆಂದರೆ ರಾತ್ರಿ ಮಾತ್ರ ಹೊರಬರುತ್ತದೆ. ತಿಳಿ ಕಂದು ಮೈ, ಅದರ ಮೇಲೆ ಕಪ್ಪು ಚಿತ್ತಾರ, ತೆಳು ಕಾಲು. ಬೇರೆ ಜೇಡಗಳಲ್ಲಿ ಮುಂದಿನ ಭಾಗ ಚಪ್ಪಟೆ ಇದ್ದರೆ ಇದರದ್ದು ಗುಮ್ಮಟದ ಹಾಗೆ ಉಬ್ಬಿರುತ್ತದೆ. ಅದರೊಳಗೆ ಅಂಟು ತುಂಬಿದ ಗ್ರಂಥಿಗಳಿವೆ. ಒಂದೆರಡು ಸೆಂ.ಮೀ. ದೂರದಿಂದ ಬೇಟೆಯ ಮೇಲೆ ಅಂಕುಡೊಂಕಾಗಿ ಅಂಟು ಉಗುಳಿ ಕೂತಲ್ಲೇ ಅಂಟಿಸಿಬಿಡುತ್ತದೆ. ಕಣ್ಣು ಎಂಟಲ್ಲ, ಆರು. ಸೈಟೋಡಿಸ್ ಇದರ ಹೆಸರು. ನಮ್ಮ ಮೇಲೆ ಉಗುಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ.

ಮೊಟ್ಟೆ ನೋಡಿ ಹೆಸರು ಹೇಳುವುದು

ಜೇಡ ಓಡಿಹೋದರೂ ಮೊಟ್ಟೆ ಸಾಕ್ಷಿ ಹೇಳುತ್ತದೆ. ಬಾಯಲ್ಲಿ ಮೊಟ್ಟೆಗಳ ಗೊಂಚಲು ಕಚ್ಚಿಕೊಂಡು ಬಲೆಯಲ್ಲಿ ನೇತಾಡುತ್ತಿದ್ದರೆ ಉದ್ದ ಕಾಲಿನ ಜೇಡ. ಉಗುಳುವ ಜೇಡವೂ ಬಾಯಲ್ಲೇ ಹೊರುತ್ತದೆ, ಆದರೆ ಅದರ ಗುಮ್ಮಟದ ಎದೆ ನೋಡಿ ಬೇರೆ ಅಂತ ತಿಳಿಯಬಹುದು. ಎದೆಯಡಿ ಬಿಳಿ ಬಿಲ್ಲೆ ಇದ್ದರೆ ಬೇಟೆಗಾರ ಜೇಡ. ಹಿಂಬದಿಗೆ ದುಂಡನೆಯ ಚೆಂಡು ಅಂಟಿಸಿಕೊಂಡು ನೆಲದ ಮೇಲೆ ಓಡುತ್ತಿದ್ದರೆ ತೋಳ ಜೇಡ.

ತೋಳ ಜೇಡದ ಮರಿಗಳು ಹುಟ್ಟಿದ ಮೇಲೆ ಅಮ್ಮನ ಬೆನ್ನೇರಿ ಕೂರುತ್ತವೆ. ಮಳೆಗಾಲದಲ್ಲಿ ಇಂಥದ್ದೊಂದು ಹೊಸ್ತಿಲು ದಾಟಿ ಒಳಗೆ ಬಂದರೆ ಪೊರಕೆಯಿಂದ ಹೊಡೆಯಬೇಡಿ. ಹೊಡೆದ ತಕ್ಷಣ ಹತ್ತಾರು ಮರಿಗಳು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತವೆ. ಮೊರವನ್ನೋ ಕಾಗದವನ್ನೋ ಮುಂದೆ ಹಿಡಿದು ಹತ್ತಿಸಿಕೊಂಡು ಹೊರಗೆ ಬಿಡಿ. ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹಿಡಿದ ಹಾಳೆಯಂಥ ಬಲೆ, ಒಂದು ಕಡೆ ಆಲಿಕೆಯಂಥ ತೂತು ಕಂಡರೆ ಅದೂ ಇದೇ ಕುಟುಂಬದ ಹಿಪ್ಪಾಸಾ. ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಅಂಗಳದ ಹುಲ್ಲಿನ ಮೇಲೆ ಬೆಳಕು ಬಿಡಿ. ಮಿಣಮಿಣ ಹೊಳೆಯುವ ಚುಕ್ಕಿಗಳಲ್ಲಿ ಬಹಳಷ್ಟು ತೋಳ ಜೇಡದ ಕಣ್ಣುಗಳು.

ಜಗಲಿ, ಅಂಗಳ, ತೋಟ

ಹೊರಗಿನವನ್ನು ಬಲೆಯ ಆಕಾರದಿಂದ ಹಿಡಿಯುವುದು ಸುಲಭ. ಸಂಜೆ ಜಗಲಿಯ ದೀಪದ ಹತ್ತಿರ ಚಕ್ರದಂಥ ದೊಡ್ಡ ಬಲೆ ಎದ್ದು, ಬೆಳಿಗ್ಗೆ ಕಾಣೆಯಾಗಿದ್ದರೆ ಸಾಮಾನ್ಯವಾಗಿ ನಿಯೋಸ್ಕೋನಾ ಜಾತಿಯ ಜೇಡ. ಅದು ತನ್ನ ಬಲೆಯನ್ನು ತಾನೇ ತಿಂದು ಮಾರನೇ ಸಂಜೆ ಹೊಸದು ಕಟ್ಟುತ್ತದೆ. ದಿನಾ ಮುಖಕ್ಕೆ ಬಲೆ ತಾಗುತ್ತಿದ್ದರೆ ಬಾಗಿಲ ಮೇಲಿನ ಬಿಳಿ ಬಲ್ಬು ತೆಗೆದು ಹಳದಿ ಬಲ್ಬು ಹಾಕಿ. ಹುಳು ಬರುವುದು ಕಡಿಮೆಯಾದರೆ ಜೇಡ ತಾನಾಗಿ ಜಾಗ ಬದಲಿಸುತ್ತದೆ.

ಬಲೆಯ ನಡುವೆ ಬಿಳಿ ದಪ್ಪ ನೂಲಿನ ಗುಣಾಕಾರ ಚಿಹ್ನೆ, ಅದರ ಮೇಲೆ ಎರಡೆರಡು ಕಾಲು ಜೋಡಿಸಿ ಕೂತ ಹಳದಿ ಪಟ್ಟೆಯ ಜೇಡ ಇದ್ದರೆ ಆರ್ಜಿಯೋಪಿ, ಅಂದರೆ ಸಹಿ ಜೇಡ. ಹೊಟ್ಟೆ ಗಟ್ಟಿ ಚಿಪ್ಪಿನಂತಿದ್ದು ಬದಿಗಳಲ್ಲಿ ಮುಳ್ಳಿದ್ದರೆ ಗ್ಯಾಸ್ಟರಕ್ಯಾಂಥಾ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಓಡಾಡಿದವರ ಮುಖಕ್ಕೆ ಇದರ ಬಲೆ ಅಂಟಿಯೇ ಇರುತ್ತದೆ.

ಮಲೆನಾಡಿನ ತೋಟಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮರದಿಂದ ಮರಕ್ಕೆ ಹೊನ್ನಿನ ಬಣ್ಣದ ನೂಲಿನ ಬಲೆ ಕಾಣುತ್ತದೆ. ಒಂದು ಮೀಟರಿಗೂ ಅಗಲ. ನಡುವೆ ಬೆರಳುದ್ದದ ಕಪ್ಪು-ಹಳದಿ ಜೇಡ. ಇದು ನೆಫಿಲಾ ಪಿಲಿಪಿಸ್. ದೊಡ್ಡದು ಹೆಣ್ಣು. ಅದೇ ಬಲೆಯ ಅಂಚಿನಲ್ಲಿ ಅರ್ಧ ಸೆಂ.ಮೀ. ಉದ್ದದ ಕೆಂಪು-ಕಂದು ಜೇಡ ಇದ್ದರೆ ಅದು ಮರಿ ಅಲ್ಲ, ಗಂಡು! ಇನ್ನೂ ಹತ್ತಿರದಿಂದ ನೋಡಿದರೆ ಬೆಳ್ಳಿ ಹನಿಯಂತೆ ಹೊಳೆಯುವ ಪುಟಾಣಿ ಜೇಡಗಳೂ ಇರಬಹುದು. ಅವು ಆರ್ಜಿರೋಡಿಸ್, ದೊಡ್ಡ ಜೇಡ ಹಿಡಿದ ಬೇಟೆಯಲ್ಲಿ ಕದ್ದು ತಿನ್ನುವವು.

ಕಿಟಕಿಗೆ ಮಣ್ಣಿನ ಗೂಡು ಕಟ್ಟುವ ಕಣಜ ಗೊತ್ತಲ್ವಾ? ಅದರ ಹಳೆಯ ಗೂಡು ಒಡೆದರೆ ಒಳಗೆ ಸಾಲಾಗಿ ಜೇಡಗಳು ತುಂಬಿರುತ್ತವೆ. ಕಣಜ ಅವನ್ನು ಚುಚ್ಚಿ, ಸಾಯಿಸದೆ ತನ್ನ ಮರಿಗೆ ಊಟವಾಗಿ ಇಟ್ಟಿರುತ್ತದೆ. ನಿಮ್ಮ ಅಂಗಳದಲ್ಲಿ ಯಾವ ಯಾವ ಜೇಡ ಇವೆ ಅಂತ ತಿಳಿಯಲು ಇದೂ ಒಂದು ದಾರಿ.

ಹುಷಾರಾಗಿರಬೇಕಾದವು

ಎರಡನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಕಂದು ವಿಧವೆ ಜೇಡ, ಲ್ಯಾಟ್ರೊಡೆಕ್ಟಸ್ ಜಿಯೊಮೆಟ್ರಿಕಸ್. ಬೇರೆ ಖಂಡಗಳಿಂದ ಸಾಮಾನಿನ ಜೊತೆ ಹರಡಿ ಭಾರತದಲ್ಲೂ ಕಾಣಿಸಿಕೊಂಡಿದೆ. ಕಂದು ಬಣ್ಣ, ಕಾಲಿಗೆ ಪಟ್ಟೆ, ಗುಂಡು ಹೊಟ್ಟೆ. ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಡಮರುಗದಂಥ ಗುರುತು. ಎಲ್ಲಕ್ಕಿಂತ ಒಳ್ಳೆಯ ಗುರುತು ಮೊಟ್ಟೆಚೀಲ: ದುಂಡಗಿದ್ದು ಸುತ್ತ ಸಣ್ಣ ಸಣ್ಣ ಮುಳ್ಳಿನಂಥ ಮೊನೆಗಳಿರುತ್ತವೆ. ಬೇರೆ ಯಾವ ಮನೆ ಜೇಡದ ಚೀಲವೂ ಹೀಗಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಅಡಿ, ಹೂಕುಂಡದ ಅಂಚಿನ ಕೆಳಗೆ, ಬಹಳ ದಿನ ಬಳಸದ ಬೈಕಿನ ಸಂದಿ ಇದರ ಜಾಗ. ಮುಟ್ಟಿದರೆ ಮುದುಡಿ ಕೆಳಗೆ ಬೀಳುವ ನಾಚಿಕೆಯ ಜೇಡ ಇದು. ಕಚ್ಚಿದರೆ ನೋವು ಜೋರು, ಸಾಮಾನ್ಯವಾಗಿ ಕಚ್ಚಿದ ಜಾಗದಲ್ಲೇ ನಿಲ್ಲುತ್ತದೆ. ಮಾಳಿಗೆಯ ಹಳೆ ಸಾಮಾನು, ಗಾರ್ಡನ್ ಕುರ್ಚಿ ಎತ್ತುವಾಗ ಅಡಿಗೆ ಕೈ ಹಾಕುವ ಮುಂಚೆ ಒಮ್ಮೆ ಬಗ್ಗಿ ನೋಡಿ.

ಎರಡನೆಯದು ಟರಂಟುಲಾ. ಪಶ್ಚಿಮ ಘಟ್ಟದ ಸೆರಗಿನ ಊರುಗಳಲ್ಲಿ ಮಣ್ಣಿನ ದರೆಯ ಬಿಲಗಳಲ್ಲಿ, ಮರದ ಪೊಟರೆಗಳಲ್ಲಿ ಇರುತ್ತವೆ. ಮಳೆ ಶುರುವಾದಾಗ ಹೆಣ್ಣು ಹುಡುಕುತ್ತಾ ಗಂಡು ಜೇಡ ಮನೆಯೊಳಗೂ ಬರಬಹುದು. ಬೇಟೆಗಾರ ಜೇಡದ ಹಾಗೆ ಚಪ್ಪಟೆ ಅಲ್ಲ, ದಪ್ಪ ಮೈ, ಮೈತುಂಬ ಕೂದಲು, ಗತ್ತಿನ ನಿಧಾನ ನಡಿಗೆ. ಪೊಟರೆಯಲ್ಲಿರುವ ಪೊಸಿಲೊಥೀರಿಯಾ ಜಾತಿಯವು ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ಬರುವುದುಂಟು. ಬರಿಗೈಯಲ್ಲಿ ಮುಟ್ಟಲೇಬೇಡಿ. ಕೊಲ್ಲಲೂ ಬೇಡಿ. ಮೈಸೂರಿನ ಹೆಸರು ಹೊತ್ತ ಪೊಸಿಲೊಥೀರಿಯಾ ಸ್ಟ್ರಯೇಟಾ ಸೇರಿದಂತೆ ಈ ಇಡೀ ಗುಂಪನ್ನು 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಲಾಯಿತು. ಸಾಕುಪ್ರಾಣಿ ವ್ಯಾಪಾರಕ್ಕಾಗಿ ಇವನ್ನು ಕಾಡಿನಿಂದ ಕದಿಯುತ್ತಾರೆ.

ಮೈಮೇಲಿನ ಗುಳ್ಳೆ ಜೇಡದ್ದಲ್ಲ

ಬೆಳಿಗ್ಗೆ ಎದ್ದಾಗ ಕುತ್ತಿಗೆಯಲ್ಲೋ ತೋಳಲ್ಲೋ ಬರೆ ಎಳೆದಂತೆ ಕೆಂಪಗೆ ಉರಿಯುವ ಗುಳ್ಳೆ. "ಜೇಡ ಹರಿದಿದೆ, ಉಚ್ಚೆ ಹೊಯ್ದಿದೆ" ಅಂತ ಮನೆಯಲ್ಲಿ ಹೇಳುತ್ತಾರೆ. ಜೇಡ ಹೀಗೆ ಮಾಡುವುದಿಲ್ಲ. ಹೆಚ್ಚಾಗಿ ಇದಕ್ಕೆ ಕಾರಣ ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಒಂದು ಸಣ್ಣ ದುಂಬಿ. ಉದ್ದನೆ ಮೈ, ಒಂದು ಸೆಂ.ಮೀ.ಗಿಂತ ಕಡಿಮೆ, ಕಿತ್ತಳೆ ಮತ್ತು ಕಪ್ಪು ಬಣ್ಣ. ಹಾಸ್ಟೆಲುಗಳಲ್ಲಿ ಆಸಿಡ್ ಹುಳ ಅನ್ನುತ್ತಾರೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಮೈಮೇಲೆ ಕೂತಾಗ ಕೈಯಿಂದ ಉಜ್ಜಿದರೆ ಅದರ ರಸ ಚರ್ಮಕ್ಕೆ ತಾಗಿ ಮರುದಿನ ಗುಳ್ಳೆ ಏಳುತ್ತದೆ. ಮೈಮೇಲೆ ಕೂತರೆ ಊದಿ ಹಾರಿಸಿ. ಒರೆಸಿದ್ದೇ ಆದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ, ಆ ಕೈ ಕಣ್ಣಿಗೆ ತಾಗಿಸಬೇಡಿ.

ಇನ್ನೂ ಮುಖ್ಯವಾದದ್ದು ಒಂದಿದೆ. ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದು, ಚುಚ್ಚಿದಂಥ ನೋವಿದ್ದರೆ ಅದು ಸರ್ಪಸುತ್ತು ಇರಬಹುದು. ವೈರಸ್ಸಿನಿಂದ ಬರುವ ಕಾಯಿಲೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯ ಪರಿಣಾಮ. ಜೇಡ ಹರಿದದ್ದು ಅಂತ ಸೊಪ್ಪಿನ ರಸ ಹಚ್ಚಿಕೊಂಡು ಕೂತರೆ ಆ ಮೂರು ದಿನ ಸುಮ್ನೆ ಕಳೆದುಹೋಗುತ್ತದೆ. ವಯಸ್ಸಾದವರಿಗಂತೂ ಅದರ ನೋವು ತಿಂಗಳುಗಟ್ಟಲೆ ಉಳಿಯಬಹುದು. ದಯವಿಟ್ಟು ಡಾಕ್ಟರಿಗೆ ತೋರಿಸಿ.

ನಿಜವಾಗಿಯೂ ಜೇಡ ಕಚ್ಚಿದ್ದನ್ನು ಕಣ್ಣಾರೆ ಕಂಡಿದ್ದರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕುಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಸ್ನಾಯು ಸೆಳೆತ, ಬೆವರು, ಉಸಿರಾಟಕ್ಕೆ ತೊಂದರೆ, ಹರಡುವ ಬಾವು ಬಂದರೆ ಆಸ್ಪತ್ರೆಗೆ ಹೋಗಿ. ಕಚ್ಚಿಸಿಕೊಂಡದ್ದು ಮಗುವಾದರೆ ಕಾಯಲೇಬೇಡಿ. ಸಾಧ್ಯವಾದರೆ ಜೇಡದ ಫೋಟೊ ಜೊತೆಗಿರಲಿ.

ಹೊರಗೆ ಬಿಡುವುದು

ಅಗಲ ಬಾಯಿಯ ಪಾರದರ್ಶಕ ಡಬ್ಬಿ ಮತ್ತು ಗಟ್ಟಿ ರಟ್ಟು ಸಾಕು. ಮದುವೆಯ ಕರೆಯೋಲೆ ಇದಕ್ಕೆ ಹೇಳಿಮಾಡಿಸಿದ್ದು. ಜೇಡ ಗೋಡೆಯ ಮೇಲೆ ನಿಂತಾಗ ನಿಧಾನವಾಗಿ ಡಬ್ಬಿ ಮುಚ್ಚಿ. ಬೇಟೆಗಾರ ಜೇಡಕ್ಕೆ ಲೋಟ ಸಾಲದು, ಕಾಲು ಸಿಕ್ಕಿಕೊಂಡು ತುಂಡಾಗುತ್ತದೆ, ದೊಡ್ಡ ಡಬ್ಬಿಯೇ ಬೇಕು. ಗೋಡೆ ಮತ್ತು ಡಬ್ಬಿಯ ನಡುವೆ ರಟ್ಟನ್ನು ಮೆಲ್ಲಗೆ ಜಾರಿಸಿ. ಜೇಡ ತಾನೇ ಕಾಲೆತ್ತಿ ರಟ್ಟಿನ ಮೇಲೆ ಬರುತ್ತದೆ. ಹೊರಗೆ ಮರದ ಬುಡದಲ್ಲೋ ಸೌದೆ ರಾಶಿಯ ಹತ್ತಿರವೋ ಬಿಡಿ.

ಇನ್ನೂ ಗೊತ್ತಾಗದಿದ್ದರೆ

ಫೋಟೊ ತೆಗೆಯಿರಿ. ಬೆನ್ನು ಪೂರ್ತಿ ಕಾಣುವಂತೆ ಮೇಲಿನಿಂದ ಒಂದು. ಮುಖ ಕಾಣುವಂತೆ ಎದುರಿನಿಂದ ಒಂದು, ಕಣ್ಣುಗಳ ಜೋಡಣೆ ನೋಡಿಯೇ ಬಲ್ಲವರು ಕುಟುಂಬ ಹೇಳಿಬಿಡುತ್ತಾರೆ. ಬಲೆ ಮತ್ತು ಮೊಟ್ಟೆಚೀಲದ್ದು ಒಂದು. ಬಲೆ ಕಾಣದಿದ್ದರೆ ಸ್ಪ್ರೇ ಬಾಟಲಿಯಿಂದ ಬರೀ ನೀರನ್ನು ಹಬೆಯ ಹಾಗೆ ಹಾರಿಸಿ, ನೂಲೆಲ್ಲ ಎದ್ದು ಕಾಣುತ್ತದೆ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಡಬ್ಬಿಯಲ್ಲಿ ಹಾಕಿದ ಜೇಡದ ಹೊಟ್ಟೆಯ ಕೆಳಭಾಗವನ್ನೂ ತೆಗೆದರೆ ಇನ್ನೂ ಒಳ್ಳೆಯದು.

ಇವನ್ನು ಊರು, ದಿನಾಂಕದ ಜೊತೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣಕ್ಕೆ ಹಾಕಿ. ಎರಡೂ ಉಚಿತ. ಐನ್ಯಾಚುರಲಿಸ್ಟ್ ಫೋಟೊ ಹಾಕಿದ ಕೂಡಲೇ ತಾನೇ ಒಂದು ಹೆಸರು ಸೂಚಿಸುತ್ತದೆ. ಅದನ್ನು ಹಾಗೇ ಒಪ್ಪಿಕೊಳ್ಳಬೇಡಿ, ನಮ್ಮ ದೇಶದಲ್ಲಿ ಇಲ್ಲದ ಜಾತಿಯನ್ನೂ ಅದು ಹೇಳುವುದುಂಟು. ಜೇಡ ಬಲ್ಲವರು ನೋಡಿ ಒಪ್ಪುವ ತನಕ "ಜೇಡ" ಅಂತಷ್ಟೇ ಬರೆದಿಟ್ಟರೂ ಸರಿ. ಎಷ್ಟೋ ಜಾತಿಗಳನ್ನು ಸೂಕ್ಷ್ಮದರ್ಶಕವಿಲ್ಲದೆ ಹೇಳಲು ಬರುವುದೇ ಇಲ್ಲ. ಅಂಥದ್ದಕ್ಕೆ ಕುಟುಂಬದ ಹೆಸರು ಸಿಕ್ಕಿದರೂ ಮನೆಯ ಮಟ್ಟಿಗೆ ಬೇಕಾದದ್ದು ಸಿಕ್ಕಂತೆಯೇ.